ಉತ್ತರ ಹೇಳಿದವಳ ಕೈ

ಬೆಳಿಗ್ಗೆ ಮಗಳ ಕೆನ್ನೆಗೆ ಪೌಡರ್ ಹಚ್ಚುವಾಗ ಅವಳಿಗೆ ತನ್ನ ಬೆರಳುಗಳನ್ನು ಎಣಿಸಿ ನೋಡಬೇಕೆನ್ನಿಸಿತು. ಕೆನ್ನೆಯ ಮೇಲೆ ಮೂಡಿದ್ದು ನಾಲ್ಕೇ. ಹೆಬ್ಬೆರಳು ಎಲ್ಲಿ ಹೋಯಿತು? ಕಿವಿಯ ಹಿಂದೆ ಬಿದ್ದಿರಬೇಕೆಂದು ಕೂದಲು ಸರಿಸಿ ನೋಡಿದಳು, ಅಲ್ಲೂ ಇರಲಿಲ್ಲ. ಎಂಟು ವರ್ಷದ ಹುಡುಗಿ ಅಲುಗಾಡದೆ, ಉಸಿರನ್ನೂ ಅಳೆದು ಬಿಡುತ್ತ ನಿಂತಿದ್ದಳು. ಪೌಡರಿನ ಕೈ ಹತ್ತಿರ ಬಂದಾಗಲೆಲ್ಲ ಅವಳ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಮಾತ್ರ ತೆರೆದೇ ಇದ್ದು ಅಮ್ಮನನ್ನು ನೋಡುತ್ತಿತ್ತು. ನಿನ್ನೆ ಸಂಜೆ ಏಳರ ಮಗ್ಗಿ. ಏಳೆಂಟ್ಲ ಎಂದು ತಾನು ಕೇಳಿದ್ದು, ಮಗಳು ಐವತ್ನಾಲ್ಕು ಎಂದದ್ದು, ಮತ್ತೆ ಕೇಳಿದ್ದು, ಮಗಳು ಸುಮ್ಮನೆ ನೆಲ ನೋಡಿದ್ದು, ಇಷ್ಟು ನೆನಪಿದೆ. ಆಮೇಲೆ ಕೈ ಹೋಗಿತ್ತು. ಕೈ ಹೋಯಿತು ಎಂದೇ ಅವಳು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು, ಕೈ ತನಗೆ ಹೇಳದೆ ಕೇಳದೆ ಊರು ಸುತ್ತಿ ಬಂದಿತೆಂಬ ಹಾಗೆ. ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದ ಗಂಡ ತಲೆಯೆತ್ತಿ, "ಹಾಗಂತ ಈ ಥರಾನಾ? ಸ್ಕೂಲಲ್ಲಿ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯ?" ಎಂದ. ಅವಳು ಬಾಯಿ ತೆರೆಯುವ ಮೊದಲೇ ಮಗಳು, "ಬಾಗಿಲು ತಗಲ್ತು ಅಂತೀನಿ," ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮಗ್ಗಿ ಬಾರದ ನಾಲಗೆಗೆ ಇದು ಎಷ್ಟು ಸಲೀಸಾಗಿ ಬಂತು ಎಂದುಕೊಳ್ಳುತ್ತ ಅವಳು ಪೌಡರಿನ ಡಬ್ಬಿಯ ಮುಚ್ಚಳ ಹಾಕಿದಳು.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಮೇಲೆ ಕಬ್ಬಿಣದ ತೊಲೆಗೆ ಕಟ್ಟಿದ್ದ ಮೈಕಿನಲ್ಲಿ ದಿನದ ಹೆಂಗಸಿನ ದನಿ: "ಪ್ರಯಾಣಿಕರು ಸಾಲಾಗಿ ನಿಂತು ಸಹಕರಿಸಬೇಕು." ಆ ದನಿಯಲ್ಲಿ ಸಕಾರ ಬಂದಾಗಲೆಲ್ಲ ಒಂದು ಸಣ್ಣ ಸಿಳ್ಳೆ ಹೊರಡುತ್ತಿತ್ತು. ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗರು ದಿನದ ಹಾಗೆ "ಸ್ಸ್ಸಾಲಾಗಿ, ಸ್ಸ್ಸಹಕರಿಸಿ" ಎಂದು ಅಣಕಿಸಿ ಬಿದ್ದು ಬಿದ್ದು ನಕ್ಕರು. ಈ ಊರಿಗೆ ಬಂದ ಮೂರು ವರ್ಷದಿಂದ ಅವಳೂ ತುಟಿಯಂಚಿನಲ್ಲಿ ಒಂದಿಷ್ಟು ನಕ್ಕೇ ಬಸ್ಸು ಹತ್ತುತ್ತಿದ್ದವಳು. ಇವತ್ತು ನಗು ಬರಲಿಲ್ಲ. ಫೋನು ತೆರೆದರೆ ಹೈಸ್ಕೂಲಿನವರ ಗುಂಪಿನಲ್ಲಿ ರಾತ್ರಿಯಿಂದ ಬೆಳೆದಿದ್ದ ಮಾತು. ಕಂಬ ಎಂದು ಕರೆಯುತ್ತಿದ್ದವನಿಗೆ ಹದಿನಾಲ್ಕು ವರ್ಷ ಜೈಲಂತೆ. ಹಿಂದಿನ ಬೆಂಚಿನ ಆ ಉದ್ದನೆಯ ಹುಡುಗ, ತನ್ನ ಅಣ್ಣನ ತಲೆಯನ್ನು ನಡುಗೋಡೆಯ ಕಲ್ಲಿಗೇ ಜಜ್ಜಿದ್ದ. ಒಂದು ಸಲವಲ್ಲ, ಜನ ಬಂದು ಎಳೆಯುವ ತನಕ. 'ಪಾಪ, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಪ್ರಾಣಿ' ಎಂದು ಒಬ್ಬಳು ಬರೆದಿದ್ದಳು. ಅದರ ಕೆಳಗೇ ಇನ್ನೊಬ್ಬನದು: 'ಗಣಿತದ ಮೇಷ್ಟ್ರು ಈ ತಿಂಗಳು ರಿಟೈರ್ ಆಗ್ತಿದ್ದಾರೆ, ಎಲ್ಲ ಸೇರೋಣ, ಅವರ ಹೊಡೆತ ತಿಂದೇ ನಾವು ಮನುಷ್ಯರಾದದ್ದು.' ಆಮೇಲೆ ಅವಳ ಕಡೆ ಬೆರಳು: 'ನೀನೇ ಮಾತಾಡ್ಬೇಕು ಕಣೇ, ಕ್ಲಾಸಿಗೇ ಫಸ್ಟು.'

ಅವರ ಹೊಡೆತ. ಮೇಷ್ಟ್ರು ಹೊಡೆಯುತ್ತಿದ್ದುದು ಎಲ್ಲಿ? ಅವರ ಅಂಗೈ ಯಾವಾಗಲೂ ತೊಳೆದ ತಟ್ಟೆಯಷ್ಟು ಶುಭ್ರ. ಅವರು ಬೆಂಚಿನಿಂದ ಬೆಂಚಿಗೆ ಪ್ರಶ್ನೆ ಕೇಳುತ್ತ ಬರುತ್ತಿದ್ದರು. ಬಾರದವರು ನಿಂತೇ ಇರಬೇಕು. ಯಾರು ಸರಿಯುತ್ತರ ಹೇಳುತ್ತಾರೋ ಅವರು ಹೋಗಿ, ನಿಂತವರೆಲ್ಲರ ಕೆನ್ನೆಗೆ ಒಂದೊಂದು ಬಿಡಬೇಕು. ಮೆತ್ತಗೆ ಬಿಟ್ಟರೋ, ಹೊಡೆಯುವುದು ಹೇಗೆಂದು ಮೇಷ್ಟ್ರು ಹೊಡೆದವರ ಕೆನ್ನೆಯ ಮೇಲೇ ತೋರಿಸಿಕೊಡುತ್ತಿದ್ದರು. ಅವರು ಕೈಯೆತ್ತಿದ್ದೇನಾದರೂ ಇದ್ದರೆ ಅದಿಷ್ಟೇ. ಅವಳಿಗೆ ಎಲ್ಲ ಉತ್ತರವೂ ಬರುತ್ತಿತ್ತು. ಮೂರು ವರ್ಷ ಅವಳ ಬಲಗೈ ಮೂವತ್ತೆಂಟು ಕೆನ್ನೆಗಳನ್ನು ಸುತ್ತಿ ಬಂದಿತ್ತು. ಈಗ ಯಾರ ಮುಖವೂ ಸರಿಯಾಗಿ ನೆನಪಿಗೆ ಬರುವುದಿಲ್ಲ, ಕೆನ್ನೆಗಳು ಬರುತ್ತವೆ. ಪೈಲ್ವಾನ ಎಂದು ಹೆಸರಾದ ಹುಡುಗನದು ಆಗಷ್ಟೇ ಮೊಳೆತ ಗಡ್ಡದ ಚುಚ್ಚು ಕೆನ್ನೆ. ಅವನು ಈಗ ಪೊಲೀಸು, ಬಾಯಿ ಬಿಡಿಸುವುದರಲ್ಲಿ ಎತ್ತಿದ ಕೈ ಎಂದು ಗುಂಪಿನಲ್ಲಿ ತಾನೇ ಬರೆದುಕೊಳ್ಳುತ್ತಾನೆ. ನವಿಲು ಎಂದು ಕರೆಸಿಕೊಳ್ಳುತ್ತಿದ್ದ ಹುಡುಗಿಯದು ಕ್ರೀಮಿನ ನುಣುಪು, ಕೈ ಜಾರುತ್ತಿತ್ತು. ಅವಳು ಮದುವೆಯಾದ ಎರಡನೇ ವರ್ಷ ನಾಲ್ಕನೇ ಮಹಡಿಯ ತಾರಸಿಯಿಂದ ಬಿದ್ದಳು. ಬಟ್ಟೆ ಒಣಹಾಕುವಾಗ ಕಾಲು ಜಾರಿತು ಎಂದರು. ಸೊಂಟದೆತ್ತರದ ಗೋಡೆ ಇತ್ತಲ್ಲ ಎಂದು ಯಾರೂ ಕೇಳಲಿಲ್ಲ. ಇವಳೂ ಕೇಳಲಿಲ್ಲ, ಗುಂಪಿಗೆ ಒಂದು ಅಳುಮುಖದ ಚಿತ್ರ ಒತ್ತಿ ಕಳಿಸಿದ್ದಳು. ಕಂಬನದು ಯಾವಾಗಲೂ ಬಿಸಿಯಾದ ಕೆನ್ನೆ. ಅವಳ ಕೈಗೆ ಎಟುಕಲಿ ಎಂದು ಅವನು ಮಂಡಿ ಬಗ್ಗಿಸಿ ಮುಖ ತಗ್ಗಿಸುತ್ತಿದ್ದ. ತಗ್ಗಿಸಿ ಕಣ್ಣು ಮುಚ್ಚುತ್ತಿದ್ದ, ತಲೆಗೆ ನೀರು ಹಾಕಿಸಿಕೊಳ್ಳುವ ಮಗುವಿನ ಹಾಗೆ.

ಹಲ್ಲಿನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅವಳ ಕೆಲಸ. ಮುಂದಿನ ಕೋಣೆಯಲ್ಲಿ ಜನ ನರಳುತ್ತಾರೆ, ಹಿಂದಿನ ಕೋಣೆಗೆ ನರಳಿಕೆ ಬರುವುದಿಲ್ಲ. ಬರುವುದು ಅಚ್ಚು ಮಾತ್ರ, ಪ್ಲಾಸ್ಟರಿನ ಬಿಳಿಯ ದವಡೆಗಳು. ಅವಕ್ಕೆ ಹೆಸರಿಲ್ಲ, ಅಡಿಯಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರು. ಮೂರು ಗೋಡೆಯ ಹಲಗೆಗಳ ಮೇಲೆ ನೂರಾರು ಬಾಯಿಗಳು ತೆರೆದುಕೊಂಡು ಕೂತಿರುತ್ತವೆ, ಒಂದೂ ಮಾತಾಡುವುದಿಲ್ಲ. ಅದಕ್ಕೇ ಅವಳಿಗೆ ಈ ಕೋಣೆ ಹಿಡಿಸಿದ್ದು. ಬಂದವಳೇ ದೀಪ ಹಚ್ಚಿ ಚಾಕು ಕಾಯಿಸಿ ಮೊದಲನೇ ಅಚ್ಚನ್ನು ಎಡಗೈಗೆ ತೆಗೆದುಕೊಂಡಳು. ಮೇಲಿನ ದವಡೆ. ಮುಂದಿನ ಎರಡು ಹಲ್ಲಿನಲ್ಲಿ ಎಡಗಡೆಯದು ಓರೆಯಾಗಿ ಮುರಿದಿದೆ. ಹಳೆಯ ಮುರಿತ, ಅಂಚು ಸವೆದು ನುಣ್ಣಗಾಗಿದೆ. ಪೇಷಂಟಿಗೆ ತೋರಿಸಲು ಮೇಣದಲ್ಲಿ ಒಂದು ತುಂಡು ಮಾಡಿಡು ಎಂದು ಡಾಕ್ಟರಮ್ಮ ಚೀಟಿ ಅಂಟಿಸಿದ್ದರು. ಮಗಳ ಸ್ಕೂಲಿನಲ್ಲಿ ಈಗ ಪ್ರಾರ್ಥನೆ ಮುಗಿದಿರಬಹುದು, ಬೆವರಿಗೆ ಪೌಡರ್ ಇಳಿದಿರಬಹುದು, ಪಕ್ಕದ ಹುಡುಗಿ ಬೆರಳು ಮಾಡಿ ತೋರಿಸುತ್ತಿರಬಹುದು ಎಂದು ಯೋಚಿಸುತ್ತ ಮೇಣ ಕರಗಿಸಿ ಬೊಟ್ಟಿಟ್ಟಳು, ಕೆತ್ತಿದಳು, ಉಜ್ಜಿದಳು. ಯಾವತ್ತೂ ಒಂದು ಹಲ್ಲಿಗೆ ಅರ್ಧ ಗಂಟೆ ಹಿಡಿಯುತ್ತದೆ, ಪಕ್ಕದ ಹಲ್ಲು ನೋಡಿ ಅಳೆಯಬೇಕು, ತಿದ್ದಬೇಕು. ಇವತ್ತು ಐದು ನಿಮಿಷಕ್ಕೆ ಮುಗಿದುಹೋಗಿತ್ತು. ಮೇಣದ ತುಂಡನ್ನು ಬಿಡಿಸಿ ಅಂಗೈ ಮೇಲಿಟ್ಟುಕೊಂಡು ನೋಡಿದಳು. ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡದು. ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲು ಓರೆ. ಬೆರಳಿಗೆ ಅದು ಗೊತ್ತಿತ್ತು. ಹತ್ತನೇ ತರಗತಿಯಲ್ಲಿ ಅರ್ಧ ವರ್ಷ ಇದೇ ಆಕಾರದ, ಕ್ಲಾಸಿನ ನೆಲದಿಂದ ಹೆಕ್ಕಿಕೊಂಡ ಹಲ್ಲಿನ ಚೂರೊಂದು ಅವಳ ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರದ ಪಕ್ಕ ಬಿದ್ದಿತ್ತು. ನಡೆದಾಗಲೆಲ್ಲ ಚೀಲದೊಳಗೆ ಕಟಕಟ ಸದ್ದು ಮಾಡುತ್ತಿತ್ತು, ಅವಳು ಕದ್ದು ತೆಗೆದು ಬೆರಳ ತುದಿಯಲ್ಲಿ ಹೊರಳಿಸುತ್ತಿದ್ದಳು.

ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಹೀಗೇ ಒಂದು ಹುಡುಗಿ ಇದ್ದಳು. ಆ ಊರಿಗೆ ಒಬ್ಬ ರಾಕ್ಷಸಿ ಬರುತ್ತಿದ್ದಳು, ದಿನಕ್ಕೊಂದು ಮನೆ ಬಾಗಿಲಲ್ಲಿ ನಿಂತು ಒಂದು ಒಗಟು ಕೇಳುತ್ತಿದ್ದಳು. ಬಿಡಿಸಲಾರದವರನ್ನು ತಿನ್ನುತ್ತಿದ್ದಳು. ಜಾಣೆ ಹುಡುಗಿ ಮಾತ್ರ ಪ್ರತಿ ಸಲವೂ ಬಿಡಿಸುತ್ತಿದ್ದಳು. "ಬಿಡಿಸಿದವರಿಗೆ ಬಹುಮಾನ ಬೇಡ್ವಾ ಪುಟ್ಟೀ?" ಎಂದು ಅಜ್ಜಿ ರಾಕ್ಷಸಿಯ ದನಿ ತೆಗೆದು ಕೇಳುತ್ತಿದ್ದಳು. ಬಹುಮಾನವೆಂದರೆ ರಾಕ್ಷಸಿ ತನ್ನ ಬಾಯಿಂದ ಒಂದು ಕೋರೆಹಲ್ಲು ಕಿತ್ತು ಕೊಡುತ್ತಿದ್ದಳು. ಹುಡುಗಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದಳು, ಎಲ್ಲಿ ಅಂದರೆ ಕಳ್ಳರಿಗೆ ಸಿಗದ ಜಾಗದಲ್ಲಿ, ಬಾಯೊಳಗೆ. ಒಂದು ದಿನ ರಾಕ್ಷಸಿ ಬರಲಿಲ್ಲ. ಊರಲ್ಲಿ ಯಾರೂ ಉಳಿದಿರಲಿಲ್ಲ. ಹುಡುಗಿ ಬಾಯಾರಿ ಬಾವಿಗೆ ಹೋಗಿ ಬಗ್ಗಿ ನೋಡಿದಳು. "ಆಮೇಲೆ?" ಎಂದು ಇವಳು ಅಜ್ಜಿಯ ತೋಳು ಜಗ್ಗುತ್ತಿದ್ದಳು. ಅಜ್ಜಿ ಮಗ್ಗುಲು ತಿರುಗಿ, ಅರ್ಧ ನಿದ್ದೆಯಲ್ಲಿ, "ಆಮೇಲೇನು, ಅವಳಿಗೆ ಹಸಿವಾಯ್ತು" ಎನ್ನುತ್ತಿದ್ದಳು.

ಅವತ್ತು ಕೇಳಿದ್ದು ಹದಿನೇಳೆಂಟ್ಲ. ಕಂಬನಿಗೆ ಬರಲಿಲ್ಲ, ನಿಂತ. ಆ ವಾರ ಅವನ ಕಿವಿ ಸೋರುತ್ತಿತ್ತು, ಹತ್ತಿ ತುರುಕಿಕೊಂಡು ಬಂದಿದ್ದ. ಆಮೇಲೆ ಅವಳ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಯ ಸರದಿ, ಅವಳೂ ಏನೂ ಹೇಳದೆ ನಿಂತಳು. ಆಮೇಲೆ ತಾನು: ನೂರಾ ಮೂವತ್ತಾರು. ಎದ್ದು ಹೋಗಿ ಕಂಬನ ಮುಂದೆ ನಿಂತಳು. ಅವನು ಮಂಡಿ ಬಗ್ಗಿಸಿ, ಹತ್ತಿ ಇಟ್ಟ ಕಿವಿಯ ಕಡೆಯ ಕೆನ್ನೆಯನ್ನೇ ಒಡ್ಡಿದ. ಹತ್ತಿಯ ತುದಿ ಹಳದಿಯಾಗಿತ್ತು. ಅವಳ ಕೈ ಗಾಳಿಯಲ್ಲೇ ಸೋತು ಕೆನ್ನೆಯನ್ನು ಮುಟ್ಟಿದಷ್ಟೇ ಮಾಡಿತು. "ಇದೇನಮ್ಮಾ, ಬೆಣ್ಣೆ ಸವರ್ತಿದ್ದೀಯಾ?" ಎಂದರು ಮೇಷ್ಟ್ರು, ತಣ್ಣಗೆ, ಕೋಪವೇ ಇಲ್ಲದೆ. ಹತ್ತಿರ ಬಂದು ತೋರಿಸಿಕೊಟ್ಟರು. ಅವಳ ತಲೆ ಹಿಂದಿನ ಗೋಡೆಗೆ ಬಡಿದು ಒಂದು ಕ್ಷಣ ಕಿಟಕಿಗಳೆಲ್ಲ ಬಿಳಿಯಾದವು. ಯಾರೋ ಕಿಸಕ್ಕನೆ ನಕ್ಕರು. ಕ್ಲಾಸಿಗೇ ಫಸ್ಟು ಬರುವವಳ ಮೂಗಿನಿಂದ ಸಿಂಬಳ ಇಳಿದಿತ್ತು, ಅದನ್ನು ನೋಡಿ ನಕ್ಕರು. ತಿರುಗಿದಾಗ ಮುಂದಿನ ಏಟಿಗೆ ನಿಂತಿದ್ದದ್ದು ಗೆಳತಿ. ಅವಳ ಕಣ್ಣಲ್ಲಿ ಕನಿಕರ ಇತ್ತು. ಕನಿಕರ ನೋಡಿದ್ದೇ ಅವಳ ಮೈಯ ಬೆಂಕಿಯೆಲ್ಲ ಬಲಗೈಗೆ ಇಳಿಯಿತು. ಕೈ ಹೋಯಿತು. ಇಲ್ಲ, ಕಳಿಸಿದಳು. ಭುಜದಿಂದ, ಸೊಂಟದಿಂದ, ಹಿಮ್ಮಡಿಯಿಂದ ಎಳೆದುಕೊಂಡು ಕಳಿಸಿದಳು. ಗೆಳತಿಯ ಮುಖ ಡೆಸ್ಕಿನ ಅಂಚಿಗೆ ಹೋಗಿ ತಾಗಿದ ಸದ್ದು ಹೊಡೆತದ ಸದ್ದಿಗಿಂತ ಸಣ್ಣದಾಗಿತ್ತು. ಹುರಿಗಡಲೆ ಕಡಿದಷ್ಟು. ನೋಟ್‌ಬುಕ್ಕಿನ ಮೇಲೆ ರಕ್ತ ಮೊದಲು ಹನಿಯಾಗಿ, ಆಮೇಲೆ ಎಳೆಯಾಗಿ, ಜೊಲ್ಲಿನ ಜೊತೆ ಬಿದ್ದಿತು. "ಹಾಂ, ಇದು ಹೊಡೆತ," ಎಂದರು ಮೇಷ್ಟ್ರು. ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ಶುರುಮಾಡಿದರು, ಎಲ್ಲರೂ ತಟ್ಟಿದರು. ಅವಳು ತನ್ನ ಅಂಗೈ ನೋಡಿಕೊಂಡಳು. ಕೆಂಪಗೆ ಉರಿಯುತ್ತಿತ್ತು, ಅದರೊಳಗೆ ಒಂದು ಸಿಹಿ ಇತ್ತು. ಬೆಲ್ಲ ಕಚ್ಚಿದ ನಾಲಗೆಗೆ ಆಗುವಂಥದ್ದು ಅಂಗೈಗೆ ಆಗಿತ್ತು. ಹದಿನೇಳು ವರ್ಷ ಅವಳು ಯಾರಿಗೂ ಹೇಳದೆ ಮುಚ್ಚಿಟ್ಟದ್ದು ಆ ಸಿಹಿಯನ್ನು. ನಿನ್ನೆ ಸಂಜೆ ಮಗಳ ಕೆನ್ನೆಯಿಂದ ಕೈ ವಾಪಸು ಬಂದಾಗ ಅದು ಇನ್ನೂ ಅಲ್ಲೇ ಇತ್ತು.

ಮಾರನೆಯ ವಾರ ಊದಿದ ತುಟಿ ಇಳಿದು ಗೆಳತಿ ಸ್ಕೂಲಿಗೆ ಬಂದಾಗ ಅವಳ ಮಾತಿನಲ್ಲಿ ಸಿಳ್ಳೆ ಸೇರಿಕೊಂಡಿತ್ತು. "ಸಾರ್" ಎಂದರೆ ಇಡೀ ಕ್ಲಾಸು ನಗುತ್ತಿತ್ತು. ಪೀಪಿ ಎಂದು ಹೆಸರಿಟ್ಟರು. ಇಟ್ಟವರು ಯಾರು ಎಂದು ನೆನಪಿಲ್ಲವೆಂದು ಇಷ್ಟು ದಿನ ಅವಳು ಅಂದುಕೊಂಡಿದ್ದಳು. ಈಗ ಅಂಗೈ ಮೇಲಿನ ಮೇಣದ ತುಂಡು ನೋಡುತ್ತಿರುವಾಗ, ಆ ಹೆಸರನ್ನು ಮೊದಲು ಹೇಳಿದ ತನ್ನದೇ ದನಿ ಸ್ಪಷ್ಟವಾಗಿ ಕೇಳಿಸಿತು. ಅದರ ಬೆನ್ನಿಗೇ ಬಸ್ ಸ್ಟ್ಯಾಂಡಿನ ಮೈಕು ಕೇಳಿಸಿತು. ಸಾಲಾಗಿ ನಿಂತು ಸಹಕರಿಸಬೇಕು. ಅವಳು ಮೇಣದ ತುಂಡನ್ನು ದೀಪಕ್ಕೆ ಹಿಡಿಯಲು ಹೋದಳು. ಅಷ್ಟರಲ್ಲಿ ಪರದೆ ಸರಿಯಿತು.

"ಬಾಮ್ಮ ಸ್ವಲ್ಪ, ಬಣ್ಣ ನೋಡ್ಬೇಕು. ನನ್ನ ಕಣ್ಣಿಗೆ ಎಲ್ಲಾ ಹಲ್ಲೂ ಒಂದೇ ಥರ ಕಾಣುತ್ತೆ," ಎಂದರು ಡಾಕ್ಟರಮ್ಮ.

"ಮೇಡಂ, ಇನ್ನೊಂದು ದಿನ..."

"ಅವರು ರಜಾ ಹಾಕಿ ಬಂದಿದ್ದಾರೆ ಕಣಮ್ಮ. ಎರಡು ನಿಮಿಷ. ಕಿಟಕಿ ಹತ್ರ ಕೂರ್ಸಿದ್ದೀನಿ."

ಬಾಯಿಗೆ ಮುಸುಕು ಕಟ್ಟಿಕೊಂಡು, ಕೈಗೆ ಗ್ಲೌಸು ಏರಿಸಿ, ಬಣ್ಣ ಹೋಲಿಸುವ ಹದಿನಾರು ಮಾದರಿ ಹಲ್ಲುಗಳ ಪಟ್ಟಿ ಹಿಡಿದು ಅವಳು ಹೊರಗೆ ಬಂದಳು. ಕಿಟಕಿಯ ಬೆಳಕಿನಲ್ಲಿ ಕೂತಿದ್ದ ಹೆಂಗಸು ದಪ್ಪವಾಗಿದ್ದಳು, ಕಿವಿಯ ಬಳಿ ನಾಲ್ಕು ಕೂದಲು ಬೆಳ್ಳಗಾಗಿದ್ದವು, ಬಸ್ಸಿನ ಇಲಾಖೆಯ ನೀಲಿ ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಮುಸುಕಿನ ಮೇಲೆ ತನ್ನ ಕಣ್ಣೆರಡೇ ಕಾಣುವುದು, ಅಷ್ಟರಿಂದ ಯಾರೂ ಯಾರನ್ನೂ ಗುರುತಿಸುವುದಿಲ್ಲ ಎಂದು ಧೈರ್ಯ ಹೇಳಿಕೊಂಡು ಒಂದು ಮಾದರಿ ಹಲ್ಲನ್ನು ಅವಳ ತುಟಿಯ ಕಡೆಗೆ ಒಯ್ದಳು. ಹೆಂಗಸಿನ ಎಡಗಣ್ಣು ತಟಕ್ಕನೆ ಮುಚ್ಚಿಕೊಂಡಿತು. ಬಲಗಣ್ಣು ತೆರೆದೇ ಇತ್ತು. ಬೆಳಿಗ್ಗೆಯ ಪೌಡರಿನ ವಾಸನೆ ಎಲ್ಲಿಂದಲೋ ಬಂದು ಮೂಗಿಗೆ ಹೊಡೆಯಿತು.

"ಡಾಕ್ಟ್ರೇ, ಇವ್ರು ಹೊಡಿಯಲ್ಲ ತಾನೇ?" ಎಂದಳು ಹೆಂಗಸು.

"ನಮ್ಮಲ್ಲಿ ಹೊಡೆಯೋದಿಲ್ಲಮ್ಮ, ಕೀಳ್ತೀವಿ ಅಷ್ಟೇ," ಎಂದು ಡಾಕ್ಟರಮ್ಮ ತಮ್ಮ ಮಾತಿಗೆ ತಾವೇ ನಕ್ಕು, ಕುರ್ಚಿಯಲ್ಲಿ ಬಾಯಿ ತೆರೆದು ಕಾಯುತ್ತಿದ್ದ ಇನ್ನೊಬ್ಬರ ಕಡೆಗೆ ಹೋದರು.

ಹೆಂಗಸು ದನಿ ತಗ್ಗಿಸಿದಳು. "ನೀನೇ ಅಂತ ಗೊತ್ತಾಯ್ತು ಬಿಡೇ."

ಅವಳು ಮುಸುಕನ್ನು ಮೂಗಿನ ಮೇಲಕ್ಕೆ ಇನ್ನಷ್ಟು ಎಳೆದುಕೊಂಡಳು.

"ಮುಖಕ್ಕೆ ಬಟ್ಟೆ ಕಟ್ಕೊಂಡ್ರೆ ಆಯ್ತಾ? ನಿನ್ನ ಕೈ ಬರೋ ರೀತೀನೇ ಬೇರೆ. ಮೊದ್ಲು ಕಿವಿ ಹತ್ರ ಬಂದು ಒಂದು ಗಳಿಗೆ ನಿಲ್ಲುತ್ತೆ. ಆಮೇಲೆ ಬರುತ್ತೆ. ಅವಾಗ್ಲೂ ಹಾಗೇ."

"ನಿನ್ನ ದನಿ ದಿನಾ ಕೇಳ್ತೀನಿ," ಎಂದಳು ಅವಳು. "ಬಸ್ ಸ್ಟ್ಯಾಂಡಲ್ಲಿ."

"ನಗ್ತೀಯಾ?"

ಮಾದರಿ ಹಲ್ಲಿನ ಪಟ್ಟಿ ಅವಳ ಕೈಯಲ್ಲಿ ಕಟಕಟ ಎಂದಿತು.

"ಎಲ್ರೂ ನಗ್ತಾರೆ, ನೀನೊಬ್ಳೇನು ಸ್ಪೆಷಲ್ಲಾ? ನಮ್ಮ ಹೊಸ ಸಾಹೇಬ ಹೇಳಿದ್ದಾನೆ, ಒಂದೋ ಹಲ್ಲು ಸರಿ ಮಾಡಿಸ್ಕೊ, ಇಲ್ಲ ಮೈಕು ಬಿಟ್ಟು ಡಿಪೋದಲ್ಲಿ ಫೈಲು ಹೊರು ಅಂತ. ನಂಗೆ ಆ ಮೈಕು ಅಂದ್ರೆ ಇಷ್ಟ ಕಣೇ. ಯಾರೂ ನನ್ನ ಮುಖ ನೋಡಲ್ಲ, ಆದ್ರೆ ನಾನು ಹೇಳಿದ ಕಡೆ ಎಲ್ರೂ ಓಡ್ತಾರೆ." ಅವಳು ನಕ್ಕಳು. ಮುರಿದ ಹಲ್ಲು ಬೆಳಕಿಗೆ ಬಂದಿತು, ಹತ್ತಿರದಿಂದ ಅದರ ಬೇರಿನ ಬಳಿ ಕಪ್ಪಗಿತ್ತು. "ಕಂಬನ ವಿಷಯ ನೋಡ್ದಾ?"

"ನೋಡ್ದೆ."

"ಕೋರ್ಟಿಗೆ ಹೋಗಿದ್ದೆ ನಾನು. ಜಡ್ಜು ಏನು ಕೇಳಿದ್ರೂ ಅವನಿಗೆ ಒಂದು ಕಿವಿ ಕೇಳಿಸ್ತಾನೇ ಇರ್ಲಿಲ್ಲ. ತಲೆ ತಗ್ಗಿಸ್ಕೊಂಡು ನಿಂತಿದ್ದ. ಅವತ್ತು ಹತ್ತಿ ಇಟ್ಕೊಂಡಿದ್ನಲ್ಲ, ಅದೇ ಕಿವಿ. ಅವತ್ತು ಅವನು ಮೊದಲೇ ನಿಂತುಬಿಟ್ಟಿದ್ದ, ನಾನು ಬಾಯಿ ಬಿಟ್ರೆ ಆ ಕಿವಿ ಮೇಲೆ ಹೊಡೀಬೇಕಿತ್ತು. ಅದಕ್ಕೇ ಸುಮ್ನಿದ್ದೆ."

"ಸುಮ್ನಿದ್ದೆ ಅಂದ್ರೆ?"

"ಹದಿನೇಳೆಂಟ್ಲ ನೂರಾ ಮೂವತ್ತಾರು," ಎಂದಳು ಪೀಪಿ. "ನಂಗೇನು ಬರ್ತಿರ್ಲಿಲ್ಲ ಅಂದ್ಕೊಂಡ್ಯಾ? ನಮ್ಮಪ್ಪ ಇಪ್ಪತ್ತರ ಮಗ್ಗಿವರೆಗೂ ಬಾಯಿಪಾಠ ಮಾಡಿಸಿದ್ರು. ಎಷ್ಟೋ ಸಲ ಗೊತ್ತಿದ್ದೂ ನಿಂತಿದ್ದೀನಿ. ಒಂದು ಏಟು ತಿಂದ್ರೆ ಮುಗೀತಲ್ಲ."

ಕಿಟಕಿಯಾಚೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಹದಿನೇಳು ವರ್ಷ ಅವಳು ಇಟ್ಟುಕೊಂಡಿದ್ದ ಸಮಾಧಾನವೊಂದಿತ್ತು: ನನಗೆ ಉತ್ತರ ಬರುತ್ತಿತ್ತು, ನಾನೇನು ಮಾಡಲಿ. ಗೊತ್ತಿದ್ದವರು ಹೇಳಲೇಬೇಕಲ್ಲ, ಹೇಳಿದವರು ಹೊಡೆಯಲೇಬೇಕಲ್ಲ. ಆ ಕ್ಲಾಸಿನ ಕೋಣೆಗೆ ಇನ್ನೊಂದು ಬಾಗಿಲಿತ್ತು, ತೋಳಿಗೆ ತೋಳು ತಾಗುವಷ್ಟು ಹತ್ತಿರ ಕೂತವಳು ದಿನಾ ಅದರಿಂದ ಓಡಾಡುತ್ತಿದ್ದಳು, ತನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ನೋವಾಯ್ತಾ ಎಂದು ಕೇಳಬೇಕು. ಒಂದೇ ಮಾತು. ಈಗ ಕೇಳಬೇಕು. ಮುಸುಕಿನ ಒಳಗೆ ನಾಲಗೆ ಹಲ್ಲಿಗೆ ತಾಗಿತು.

"ಸ್ವಲ್ಪ ಬಾಯಿ ತೆರಿ," ಎಂದಳು.

ಪೀಪಿ ಅವಳನ್ನೇ ನೋಡಿದಳು. ಕಾದಳು. ಆಮೇಲೆ ಬಾಯಿ ತೆರೆದಳು. ಮೂರನೆಯ ಮಾದರಿ ಸರಿಹೊಂದಿತು. ಅವಳು ಅದನ್ನು ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದಾಗ ಪೀಪಿ ಕೋಟಿನ ತೋಳು ಸರಿಮಾಡಿಕೊಳ್ಳುತ್ತ, "ಸಿಟ್ಟಿಲ್ಲ ಅಂತ ಹೇಳಿ ದೊಡ್ಡವಳಾಗ್ಲಾ? ಇದೆ. ಕನ್ನಡಿ ನೋಡಿದಾಗೆಲ್ಲ ಇದೆ. ಅದಿರ್ಲಿ, ಹಲ್ಲು ಚೆನ್ನಾಗಿ ಮಾಡು," ಎಂದಳು. ಬಾಗಿಲ ತನಕ ಹೋದವಳು ತಿರುಗಿ, ಮೈಕಿನ ದನಿಯಲ್ಲಿ, ಇಡೀ ಕ್ಲಿನಿಕ್ಕಿಗೆ ಕೇಳಿಸುವ ಹಾಗೆ, "ಸಹಕರಿಸಿದ್ದಕ್ಕೆ ಧನ್ಯವಾದ," ಎಂದಳು. ಸಿಳ್ಳೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ಕಾಯುತ್ತ ಕೂತಿದ್ದವರು ನಕ್ಕರು.

ಸಂಜೆ ಅವಳು ಮನೆಗೆ ಬಂದಾಗ ಬಿಸಿಲು ಇನ್ನೂ ಗೋಡೆಯ ಅರ್ಧಕ್ಕೆ ಇತ್ತು. ಪಕ್ಕದ ಮನೆಯವರು ಕರೆತಂದು ಬಿಟ್ಟಿದ್ದ ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಪೌಡರ್ ಪೂರ್ತಿ ಹೋಗಿತ್ತು, ನಾಲ್ಕು ಬೆರಳು ನೀಲಿಗೆ ತಿರುಗಿದ್ದವು. "ಯಾರೂ ಕೇಳ್ಲಿಲ್ಲ," ಎಂದಳು, ಅಮ್ಮ ಕೇಳುವ ಮೊದಲೇ. ಒಳಗೆ ಹೋಗಿ ಚಪ್ಪಲಿ ಬಿಚ್ಚುವಷ್ಟರಲ್ಲಿ ಹಿಂದೆ ಬಂದು ಕುರ್ಚಿಯ ಮೇಲೆ ಹತ್ತಿ ನಿಂತಳು. ಈಗ ಇಬ್ಬರ ಮುಖವೂ ಒಂದೇ ಎತ್ತರಕ್ಕೆ ಬಂದಿತ್ತು. "ಅಮ್ಮ, ಸ್ಕೂಲಾಟ ಆಡೋಣ. ನಾನು ಟೀಚರು. ನೀನು ಕೈ ಕಟ್ಕೊಂಡು ನಿಂತ್ಕೋ." ಅವಳು ಚೀಲವನ್ನೂ ಇಳಿಸದೆ ಕೈ ಕಟ್ಟಿ ನಿಂತಳು. "ಏಳೆಂಟ್ಲ?" ಎಂದು ಕೇಳಿತು ಮಗು. ದನಿ ತನ್ನದೇ. ನಿನ್ನೆ ಸಂಜೆಯದೇ ರಾಗ, ಕೊನೆಯಲ್ಲಿ ಎಳೆಯುವ ಅದೇ ಎಳೆತ. ಐವತ್ತಾರು ನಾಲಗೆಯ ತುದಿಗೆ ಬಂದು ಕೂತಿತು. ಎಲ್ಲ ಉತ್ತರಗಳೂ ಯಾವಾಗಲೂ ಹಾಗೆ ಬಂದು ಕೂರುತ್ತಿದ್ದವು, ಕರೆಯದೆ. ಅವಳು ಬಾಯಿ ಮುಚ್ಚಿಕೊಂಡಳು.

"ಬರಲ್ವಾ? ಇನ್ನೊಂದ್ಸಲ ಕೇಳ್ತೀನಿ. ಏಳೆಂಟ್ಲ?"

ಅವಳು ನೆಲ ನೋಡಿದಳು.

"ಹೊಡೀಲಾ?" ಮಗುವಿನ ದನಿಯಲ್ಲಿ ಈಗ ಆಟ ಅರ್ಧವೇ ಇತ್ತು.

ಅವಳು ಕೆನ್ನೆಯನ್ನು ಒಂದಿಷ್ಟು ಮುಂದೆ ಮಾಡಿದಳು. ಮೊದಲನೆಯ ಏಟು ಹೂವಿನಷ್ಟು ಹಗುರ, ಮುಟ್ಟಿ ಹೋಯಿತು. ಮಗು ಅಮ್ಮನ ಮುಖ ನೋಡಿತು, ಬಾಗಿಲ ಕಡೆ ನೋಡಿತು, ಯಾರೂ ಬರಲಿಲ್ಲ. ಎರಡನೆಯದಕ್ಕೆ ಅದು ಕುರ್ಚಿಯ ಮೇಲೆ ಕಾಲು ಊರಿಕೊಂಡಿತು. ಪುಟ್ಟ ಕೈ ಅವಳ ಕಿವಿಯ ಹತ್ತಿರ ಬಂದು ಒಂದು ಗಳಿಗೆ ನಿಂತಿತು. ಆಮೇಲೆ ಬಂತು. ಅಷ್ಟು ಸಣ್ಣ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ, ಅವಳ ಕಿವಿ ಗುಂಯ್ ಎಂದಿತು, ಕೆಳತುಟಿ ಹಲ್ಲಿಗೆ ಸಿಕ್ಕಿ ಬಾಯಿಗೆ ಉಪ್ಪು ಇಳಿಯಿತು. ತಲೆಯೆತ್ತಿದಾಗ ಮಗಳ ಕಣ್ಣು ಹೊಳೆಯುತ್ತಿತ್ತು. ತುಟಿ ತೆರೆದಿತ್ತು. ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸದಾಗಿ ಬಂದ ಎರಡು ಹಲ್ಲುಗಳು, ಆ ಪುಟ್ಟ ಮುಖಕ್ಕೆ ಮೀರಿದಷ್ಟು ದೊಡ್ಡವು, ಅಂಚು ಗರಗಸದಂತೆ. ಅವಳು ಆ ಹೊಳಪನ್ನು ಗುರುತಿಸಿದಳು. ಬಾವಿಗೆ ಬಗ್ಗಿದ ಹಾಗಿತ್ತು.

ಮಗು ತನ್ನ ಅಂಗೈ ತಿರುಗಿಸಿ ನೋಡಿಕೊಂಡಿತು. ಬಹಳ ಹೊತ್ತು ನೋಡಿಕೊಂಡಿತು. ಕಣ್ಣಿನ ಹೊಳಪು ಇನ್ನೂ ಇದ್ದ ಹಾಗೇ, ಅದರ ಮೇಲೆ ಬೇರೆ ಏನೋ ಬಂದು ಕೂತಿತು. ಕುರ್ಚಿಯ ಮೇಲಿಂದಲೇ ಬಗ್ಗಿ, ಅಮ್ಮನ ತುಟಿಯ ಹತ್ತಿರ ಮುಖ ತಂದು, ಸಣ್ಣಗೆ ಕೇಳಿತು:

"ನೋವಾಯ್ತಾ?"

ಹೇಳದೆ ಉಳಿಯುವ ಹಾಗಿರಲಿಲ್ಲ. "ಆಯ್ತು," ಎಂದಳು ಅವಳು.

ಮಗು ತಲೆಯಾಡಿಸಿತು, ಉತ್ತರ ಸರಿಯಿದೆ ಎಂಬ ಹಾಗೆ.

"ನಂಗೂ ಆಯ್ತು," ಎಂದಿತು. "ನಿನ್ನೆ."